ರಾಗಿ ಸರಿ, ಬಾರ್ಲಿ ನೀರು, ಒಂಬತ್ತು ಬಾಟಲಿ

ಪೀಣ್ಯದ ಶೆಡ್ಡೊಂದರಲ್ಲಿ ನಾನು ಬಿಯರ್ ಟ್ಯಾಂಕು ಮಾಡುತ್ತೇನೆ. ಬಿಯರ್ ಅಲ್ಲ, ಟ್ಯಾಂಕು. ಈ ವ್ಯತ್ಯಾಸವನ್ನು ಮದುವೆ ಮನೆಗಳಲ್ಲಿ ಎಷ್ಟು ಸಲ ವಿವರಿಸಿದ್ದೇನೋ ಲೆಕ್ಕವಿಲ್ಲ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಶೀಟು ಬರುತ್ತದೆ, ಅದನ್ನು ರೋಲ್ ಮಾಡಿ ಉರುಳೆಯಾಗಿಸುತ್ತೇವೆ, ಆರ್ಗಾನ್ ಅನಿಲದಲ್ಲಿ ಟಿಗ್ ವೆಲ್ಡಿಂಗ್ ಮಾಡುತ್ತೇವೆ, ಆಮೇಲೆ ಒಳಗಿನ ಬೆಸುಗೆಯನ್ನು ಕೈಗೆ ತಾಕದಷ್ಟು ನುಣುಪಾಗಿ ಉಜ್ಜುತ್ತೇವೆ. ಕೂದಲೆಳೆಯಷ್ಟು ಸಂದು ಉಳಿದರೂ ಅದರಲ್ಲಿ ಸೂಕ್ಷ್ಮಜೀವಿ ಸಂಸಾರ ಹೂಡುತ್ತದೆ. 2010ರ ಸುಮಾರಿಗೆ ಕರ್ನಾಟಕದಲ್ಲಿ ಮೈಕ್ರೋಬ್ರೂವರಿಗಳಿಗೆ ಅನುಮತಿ ಸಿಕ್ಕ ಮೇಲೆ ಬೆಂಗಳೂರಿನಲ್ಲಿ ಇಂಥ ಟ್ಯಾಂಕುಗಳಿಗೆ ಬೇಡಿಕೆ ಬಂತು. ಇಂದಿರಾನಗರ, ಕೋರಮಂಗಲಗಳಲ್ಲಿ ಗಾಜಿನ ಹಿಂದೆ ದೀಪ ಹಾಕಿ ನಿಲ್ಲಿಸಿರುವ ಹೊಳೆಯುವ ಪಾತ್ರೆಗಳನ್ನು ನೀವು ನೋಡಿರಬಹುದು. ಅವು ಪೀಣ್ಯದಂಥ ಕಡೆ, ಎಣ್ಣೆ ಮೆತ್ತಿದ ನೆಲದ ಮೇಲೆ, ಡಬ್ಬಿ ಅನ್ನ ತಿಂದವರ ಕೈಯಲ್ಲಿ ಹುಟ್ಟುತ್ತವೆ.

ಅವುಗಳ ಒಳಗೆ ಏನು ನಡೆಯುತ್ತದೆ ಎಂಬುದು ನನಗೆ ಡ್ರಾಯಿಂಗಿನಿಂದಷ್ಟೇ ಗೊತ್ತಿತ್ತು. ಒಂದು ಟ್ಯಾಂಕಿನ ತಳದಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ಅಗಲದ ಸೀಳುಗಳಿರುವ ಜಾಲರಿ ತಟ್ಟೆ ಕೂರಿಸಬೇಕು. ಯಾಕೆ ಎಂದು ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕುಡಿಯುವುದು ನನಗೆ ಅಷ್ಟಾಗಿ ಒಗ್ಗಲೂ ಇಲ್ಲ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಕೇಳಿದವನು ನನ್ನ ತಮ್ಮ. ಅವನು ಮ್ಯಾಂಚೆಸ್ಟರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಎರಡು ವರ್ಷದಿಂದ ಮನೆಯಲ್ಲಿ ಬಿಯರ್ ಮಾಡುವ ಹುಚ್ಚು ಹಿಡಿಸಿಕೊಂಡಿದ್ದಾನೆ. ಮೊದಲು ಮಾಡುತ್ತಿದ್ದದ್ದು ಡಬ್ಬಿಯಿಂದ. ಮಾಲ್ಟಿನ ಪಾಕವನ್ನು ಗಟ್ಟಿ ಮಾಡಿ ಡಬ್ಬಿಯಲ್ಲಿ ಮಾರುತ್ತಾರೆ, ನೀರು ಬೆರೆಸಿ ಯೀಸ್ಟ್ ಹಾಕಿದರೆ ಮುಗಿಯಿತು. ‘ಅದು ಪ್ಯಾಕೆಟ್ ಪುಡಿಯಲ್ಲಿ ಸಾರು ಮಾಡಿದಂಗೆ ಅಣ್ಣ, ಈ ಸಲ ಕಾಳಿನಿಂದಲೇ ಮಾಡ್ತೀನಿ’ ಎಂದ. ಕಾಳಿನಿಂದಲೇ ಎಂದರೆ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯನ್ನು ತರಿಯಾಗಿ ಒಡೆದು, ಬಿಸಿನೀರಲ್ಲಿ ನೆನೆಸಿ, ಅದರ ಸಿಹಿಯನ್ನು ತಾನೇ ಇಳಿಸಿಕೊಳ್ಳುವುದು. ಅಲ್ಲಿಯವರು ಇದಕ್ಕೆ ಆಲ್ ಗ್ರೇನ್ ಅನ್ನುತ್ತಾರೆ. ಕಾಳಿನ ಸಿಪ್ಪೆ ಜಾಲರಿಯ ಮೇಲೆ ಹಾಸಿಕೊಂಡು ತಾನೇ ಸೋಸುಗವಾಗುತ್ತದೆ, ಅದಕ್ಕೇ ಆ ಸೀಳುಗಳು ಎಂದು ಅವನೇ ನನಗೆ ಹೇಳಿದ. ಇಷ್ಟು ವರ್ಷ ನಾನು ಸೀಳು ಕೊರೆದದ್ದರ ಅರ್ಥ ನಾಲ್ಕೂವರೆ ಗಂಟೆ ಹಿಂದಿರುವ ಊರಿನಿಂದ ಬಂತು. ‘ಅಂಥ ತಟ್ಟೆ ಒಂದು ಮಾಡಿ ಕಳಿಸು’ ಎಂದ. ಐದು ಲೀಟರಿಗೆ ತಟ್ಟೆ ಯಾಕೋ, ತೆಳು ಬಟ್ಟೆಯ ಚೀಲ ಸಾಕು ಎಂದೆ.

ನೀನೂ ಅಲ್ಲಿ ಮಾಡು, ಇಬ್ಬರೂ ಒಂದೇ ದಿನ ಮಾಡೋಣ ಎಂದು ಅವನ ಒತ್ತಾಯ. ಮಾಡುವ ಹಾಗಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ 1965ರದು. ಅದರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಮನೆಯಲ್ಲಿ ಸ್ವಂತಕ್ಕೆ ಎಂದರೂ. ಬ್ರಿಟನ್ನಿನಲ್ಲಿ ಮನೆಯಲ್ಲಿ ಬಿಯರ್ ಮಾಡುವುದಕ್ಕೆ 1880ರಿಂದ ಲೈಸೆನ್ಸ್ ಬೇಕಿತ್ತು, 1963ರ ಬಜೆಟ್ಟಿನಲ್ಲಿ ಅದನ್ನು ತೆಗೆದುಹಾಕಿದರು. ಅಮೆರಿಕದಲ್ಲಿ 1978ರಲ್ಲಿ ಕಾನೂನು ಸಡಿಲಿಸಿದರು. ನಮ್ಮ ಕಾನೂನು ಬಿಗಿಯಾಗಿರುವುದನ್ನು ನಾನು ಮೂರ್ಖತನ ಎನ್ನಲಾರೆ. 1981ರ ಜುಲೈಯಲ್ಲಿ ಇದೇ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಅದು ಮಿಥನಾಲ್ ಬೆರೆತ ವಿಷ. ಮೊಳಕೆ ಕಾಳು ಹುದುಗಿದ್ದರಿಂದ ಬರುವ ಅಪಾಯ ಅದಲ್ಲ. ಆದರೆ ಅಷ್ಟು ಹೆಣ ನೋಡಿದ ಊರಿಗೆ ಈ ಸೂಕ್ಷ್ಮ ಹೇಳುವ ಧೈರ್ಯ ಯಾರಿಗಿದೆ?

ಕೊನೆಗೆ ಹೀಗೆ ತೀರ್ಮಾನವಾಯಿತು: ಯೀಸ್ಟ್ ಹಾಕುವವರೆಗಿನ ಕೆಲಸ ಎರಡೂ ಮನೆಯಲ್ಲಿ, ಯೀಸ್ಟ್ ಅವನ ಮನೆಯಲ್ಲಿ ಮಾತ್ರ. ಯೀಸ್ಟ್ ಬೀಳುವವರೆಗೆ ಅದು ಬರೀ ಸಿಹಿ ಗಂಜಿ.

ಇದಕ್ಕೆ ಅವ್ವನನ್ನು ಒಪ್ಪಿಸಬೇಕಿತ್ತು. ಅಡುಗೆಮನೆ ಅವಳದು.

ಅಪ್ಪ ಪೀಣ್ಯದ ಒಂದು ಲೇತ್ ಶಾಪಿನಲ್ಲಿದ್ದ. ಕುಣಿಗಲ್ ಕಡೆಯ ಹಳ್ಳಿಯಿಂದ ಬಂದು ಟಿ. ದಾಸರಹಳ್ಳಿಯಲ್ಲಿ ಶೀಟಿನ ಮನೆ ಹಿಡಿದಾಗ ನನಗೆ ಆರು ವರ್ಷ. ಶನಿವಾರ ಬಟವಾಡೆ. ಶನಿವಾರ ರಾತ್ರಿ ಅಪ್ಪ ಬರುತ್ತಿದ್ದದ್ದು ಪ್ಯಾಕೆಟ್ ಸಾರಾಯಿಯ ಜೊತೆ. ಅವನು ಹೊಡೆಯುವವನಲ್ಲ, ಕೂಗುವವನೂ ಅಲ್ಲ. ಗೋಡೆಗೆ ಒರಗಿ ಕೂತು, ಒಂದೊಂದೇ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿದು, ಮುಗಿಸಿ ಮಲಗುತ್ತಿದ್ದ. ಬೆಳಿಗ್ಗೆ ಅವ್ವ ಗುಡಿಸುವಾಗ ಖಾಲಿ ಪ್ಯಾಕೆಟ್ಟುಗಳನ್ನು ಎಣಿಸುತ್ತಿದ್ದಳು. ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ, ಎಣಿಸುತ್ತಿದ್ದಳು. ಎರಡು ಇದ್ದದ್ದು ಮೂರಾಯಿತು, ಐದಾಯಿತು. ಆಮೇಲೆ ಶನಿವಾರಕ್ಕೆ ಬುಧವಾರವೂ ಸೇರಿತು. 2001ರಲ್ಲಿ ಅಪ್ಪ ಹೋದ, ಲಿವರ್ ಕೆಟ್ಟು. 2007ರ ಜುಲೈ 1ರಿಂದ ಸರ್ಕಾರ ರಾಜ್ಯದಲ್ಲಿ ಸಾರಾಯಿ ನಿಷೇಧಿಸಿದಾಗ ಟಿ.ವಿ. ನೋಡುತ್ತಿದ್ದ ಅವ್ವ ‘ಆರು ವರ್ಷ ತಡವಾಯ್ತು’ ಎಂದು ಎದ್ದು ಒಳಗೆ ಹೋದಳು. ತಮ್ಮನಿಗೆ ಅಪ್ಪನ ನೆನಪು ಕಡಿಮೆ. ಅವನಿಗೆ ಬಿಯರ್ ಒಂದು ಹವ್ಯಾಸ, ಗಾರ್ಡನಿಂಗ್ ಇದ್ದ ಹಾಗೆ. ನನಗೆ ಆ ಸಲೀಸು ಬರುವುದಿಲ್ಲ.

ನಾನು ಅವ್ವನಿಗೆ ಸುಳ್ಳು ಹೇಳಲಿಲ್ಲ. ತಮ್ಮ ಅಲ್ಲಿ ಬಿಯರ್ ಮಾಡ್ತಾನೆ, ನಾವು ಇಲ್ಲಿ ಅದರ ಅರ್ಧ ಮಾಡೋದು ಎಂದೆ. ‘ಅರ್ಧ ಅಂದ್ರೆ?’ ಎಂದಳು. ಮೊಳಕೆ ಕಾಳನ್ನು ಬಿಸಿನೀರಲ್ಲಿ ನೆನೆಸಿ ಸಿಹಿ ಇಳಿಸೋದು ಎಂದೆ. ಅವ್ವ ನನ್ನ ಮುಖ ನೋಡಿದಳು. ‘ಅದು ರಾಗಿ ಸರಿ ಕಣ್ಲಾ. ನಿಮ್ಮಿಬ್ರಿಗೂ ಅದ್ನೇ ತಿನ್ಸಿ ಬೆಳ್ಸಿದ್ದು.’

ಅವಳ ಮಾತು ಪೂರ್ತಿ ನಿಜ ಎಂದು ಗೊತ್ತಾದದ್ದು ಆ ವಾರ. ಅಂಗಡಿಯಲ್ಲಿ ಸಿಗುವ ಬಾರ್ಲಿ ನಮಗೆ ಆಗಿಬರಲಿಲ್ಲ. ಅದು ಸಿಪ್ಪೆ ತೆಗೆದು ಉಜ್ಜಿದ್ದು, ನೀರು ಹಾಕಿದರೆ ಊದುತ್ತದೆಯೇ ಹೊರತು ಮೊಳೆಯುವುದಿಲ್ಲ. ಹಾಗಾಗಿ ನಮ್ಮ ಪಾಲಿಗೆ ರಾಗಿ. ಅವ್ವ ಬುಧವಾರ ರಾತ್ರಿ ರಾಗಿ ನೆನೆಹಾಕಿದಳು. ಗುರುವಾರ ಬೆಳಿಗ್ಗೆ ಬಸಿದು, ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಮೇಲೊಂದು ಕಲ್ಲು ಹೇರಿದಳು. ಶುಕ್ರವಾರ ಬಿಚ್ಚಿದರೆ ಗಂಟಿನ ಒಳಗೆ ಜ್ವರ ಬಂದ ಮೈಯ ಹಾಗೆ ಬಿಸಿ. ಬಿಳಿ ಬೇರು ಒಂದಕ್ಕೊಂದು ಹೆಣೆದುಕೊಂಡಿದ್ದವು. ಶುಕ್ರವಾರ, ಶನಿವಾರ ಟೆರೇಸಿನ ಬಿಸಿಲಲ್ಲಿ ಒಣಗಿಸಿ, ಅಂಗೈಯಲ್ಲಿ ತಿಕ್ಕಿ, ಮೊರದಲ್ಲಿ ಕೇರಿ ಬೇರು ಹಾರಿಸಿ, ಘಮ್ಮೆನ್ನುವ ತನಕ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದಳು. ಹೆಚ್ಚು ಹುರಿಯಬಾರದು. ‘ಕಪ್ಪಾದ್ರೆ ಸಾಯ್ತದೆ’ ಎಂದಳು. ಏನು ಸಾಯುತ್ತದೆ ಎಂದು ಅವಳಿಗೆ ಹೆಸರು ಗೊತ್ತಿಲ್ಲ. ಪ್ಯಾರಿಸ್ಸಿನ ಪಯೆನ್ ಮತ್ತು ಪೆರ್ಸೋ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು 1833ರಲ್ಲಿ ಅದನ್ನು ಬಾರ್ಲಿ ಮೊಳಕೆಯಿಂದ ಬೇರ್ಪಡಿಸಿ ಡಯಾಸ್ಟೇಸ್ ಎಂದು ಕರೆದರು. ಜಗತ್ತು ಬೇರ್ಪಡಿಸಿದ ಮೊದಲ ಕಿಣ್ವ ಅದು. ಮೊಳಕೆಯ ಕಾಳು ತನ್ನ ಮರಿಗೆ ಉಣಿಸಲು ಪಿಷ್ಟವನ್ನು ಸಕ್ಕರೆಯಾಗಿ ಕತ್ತರಿಸಿಕೊಳ್ಳುವ ಕತ್ತರಿ. ಬಿಯರ್ ಮಾಡುವವರು ಆ ಕತ್ತರಿಯನ್ನು ಕದಿಯುತ್ತಾರೆ. ಮಗುವಿಗೆ ಸರಿ ಕಲಸುವ ತಾಯಂದಿರೂ ಅದನ್ನೇ ಮಾಡುತ್ತಾರೆ.

ಭಾನುವಾರ ಅವನಿಗೆ ಬೆಳಿಗ್ಗೆ ಒಂಬತ್ತು, ನಮಗೆ ಮಧ್ಯಾಹ್ನ ಒಂದೂವರೆ. ಫೋನನ್ನು ಉಪ್ಪಿನ ಭರಣಿಗೆ ಒರಗಿಸಿದೆವು. ಹೊರಗೆ ತುಮಕೂರು ರಸ್ತೆಯ ಸದ್ದು, ಆಗಾಗ ಕಂಬಗಳ ಮೇಲೆ ಮೆಟ್ರೋ.

ನೀರಿನ ವಿಷಯ ಸ್ವಲ್ಪ ಹೇಳಬೇಕು. ಬಿಯರಿನಲ್ಲಿ ಹೆಚ್ಚಿನ ಪಾಲು ನೀರೇ, ಹಾಗಾಗಿ ಊರಿನ ನೀರು ಊರಿನ ಬಿಯರನ್ನು ತೀರ್ಮಾನಿಸುತ್ತದೆ. ಮೆದು ನೀರಿನ ಪಿಲ್ಸೆನ್ನಿನಲ್ಲಿ ತಿಳಿ ಬಣ್ಣದ್ದು ಹುಟ್ಟಿತು, ಕ್ಷಾರ ಹೆಚ್ಚಿರುವ ಡಬ್ಲಿನ್ನಿನಲ್ಲಿ ಕಪ್ಪನೆಯದು. ತಮ್ಮ ನಲ್ಲಿ ತಿರುಗಿಸಿದ. ಮ್ಯಾಂಚೆಸ್ಟರಿಗೆ ನೂರೈವತ್ತು ಕಿಲೋಮೀಟರ್ ಆಚೆಯ ಥರ್ಲ್‌ಮಿಯರ್ ಸರೋವರದಿಂದ, ಪಂಪಿಲ್ಲದೆ ಬರೀ ಇಳಿಜಾರಿನಲ್ಲಿ ಹರಿದು ಬರುವ ಮೆದು ನೀರಿದೆ. ಬೆಂಗಳೂರಿಗೆ ಕಾವೇರಿ ಸುಮಾರು ನೂರು ಕಿಲೋಮೀಟರ್ ದೂರದಿಂದ ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆ ಹತ್ತಿ ಬರಬೇಕು. ನಮ್ಮ ಬೀದಿಗೆ ಅದು ಬಂದ ದಿನ ಬಂತು. ಬೋರ್‌ವೆಲ್ ನೀರು ಕುದಿಸಿದರೆ ಪಾತ್ರೆಯ ತಳಕ್ಕೆ ಸುಣ್ಣ ಹಿಡಿಯುತ್ತದೆ. ಪೀಣ್ಯದ ಸುತ್ತಲಿನ ಅಂತರ್ಜಲದಲ್ಲಿ ಲೇಪನ ಕಾರ್ಖಾನೆಗಳ ಕ್ರೋಮಿಯಂ ಸೇರಿರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಲಿ ಮೂವತ್ತು ವರ್ಷ ಕೆಲಸ ಸಿಕ್ಕಿದ್ದಕ್ಕೆ ನಾವು ಕೊಟ್ಟ ಬಾಡಿಗೆಯ ಒಂದು ಕಂತು ಅದು. ನಾವು ಇಪ್ಪತ್ತು ಲೀಟರಿನ ಕ್ಯಾನ್ ನೀರು ಬಳಸಿದೆವು.

ತಮ್ಮ ನೀರನ್ನು 74 ಡಿಗ್ರಿಗೆ ಕಾಯಿಸಿ, ಚೀಲದಲ್ಲಿದ್ದ 1.2 ಕೆ.ಜಿ. ಬಾರ್ಲಿ ತರಿಯನ್ನು ಅದರಲ್ಲಿ ಇಳಿಸಿದ. ತರಿಯ ತಣಿವಿಗೆ ಶಾಖ 67ಕ್ಕೆ ಬಂದು ನಿಂತಿತು. ಪಾತ್ರೆಗೆ ಹಳೆಯ ರಜಾಯಿ ಸುತ್ತಿದ. ಇನ್ನು ಒಂದು ಗಂಟೆ ಕಾಯುವುದು. ಆಸ್ಪತ್ರೆಯ ಅಭ್ಯಾಸ, ಪ್ರತಿ ಚಮಚವನ್ನೂ ಔಷಧದ ದ್ರಾವಣದಲ್ಲಿ ಅದ್ದಿ ತೆಗೆಯುತ್ತಿದ್ದ. ‘ಬಾಣಂತಿ ಕೋಣೆಗಿಂತ ಜಾಸ್ತಿ ಮಡಿ ಮಾಡ್ತಾನೆ’ ಎಂದು ಅವ್ವ ನಕ್ಕಳು.

ನಮ್ಮ ದಾರಿ ಬೇರೆ. ರಾಗಿಯ ಪಿಷ್ಟ ಬಾರ್ಲಿಯದಕ್ಕಿಂತ ಹೆಚ್ಚು ಬಿಸಿಯಲ್ಲಿ ಬೇಯುತ್ತದೆ. ಅಷ್ಟು ಬಿಸಿಗೆ ಕತ್ತರಿ ಕೆಟ್ಟುಹೋಗುತ್ತದೆ. ಈ ಇಕ್ಕಟ್ಟಿಗೆ ಬ್ರೂವರಿಯವರ ಪುಸ್ತಕಗಳಲ್ಲಿ ಉಪಾಯಗಳಿವೆ. ಅವ್ವನ ಉಪಾಯ ಸರಳ. ಮೊದಲು ಮೊಳಕೆಯಿಲ್ಲದ ಮಾಮೂಲಿ ರಾಗಿ ಹಿಟ್ಟನ್ನು ಗಂಜಿ ಕಾಯಿಸಿದಳು, ಸೌಟು ಇಟ್ಟರೆ ವಾಲಿಕೊಂಡು ನಿಲ್ಲುವಷ್ಟು ಗಟ್ಟಿ. ಇಳಿಸಿದಳು. ನಾನು ಮೊಳಕೆ ಹಿಟ್ಟಿನ ಡಬ್ಬಿ ಎತ್ತಿದರೆ ಕೈ ತಡೆದಳು. ಕಾದಳು. ಬೆರಳು ಅದ್ದಿ ಚಟ್ಟನೆ ತೆಗೆದಳು, ಇನ್ನೂ ಸ್ವಲ್ಪ ಎಂದಳು. ಮತ್ತೆ ಅದ್ದಿದಳು. ‘ಈಗ ಹಾಕು.’ ಶೆಡ್ಡಿನಿಂದ ತಂದಿದ್ದ ಥರ್ಮಾಮೀಟರಿನ ಕಡ್ಡಿ ಇಳಿಸಿ ನೋಡಿದೆ: 68.

ಆಮೇಲೆ ನಡೆದದ್ದನ್ನು ನಾನು ಇಡೀ ಜನ್ಮದಲ್ಲಿ ಮರೆಯುವುದಿಲ್ಲ. ಹಿಟ್ಟು ಹಾಕಿ ತಿರುಗಿಸುತ್ತಿದ್ದ ಕೈಗೆ ಐದಾರು ನಿಮಿಷದಲ್ಲಿ ತೂಕ ಇಳಿಯಿತು. ಮುದ್ದೆಯಾಗಲು ಹೊರಟಿದ್ದ ಗಂಜಿ ಸೌಟಿನಿಂದ ನೀರಿನ ಹಾಗೆ ಜಾರಿತು. ಒಂದು ಹನಿ ನೀರು ಸೇರಿಸಿಲ್ಲ. ಇದೇ ಕಾರಣಕ್ಕೆ ಮಕ್ಕಳಿಗೆ ಮೊಳಕೆ ಹಿಟ್ಟು ಒಳ್ಳೆಯದು: ಗಂಜಿ ತೆಳುವಾದರೂ ಸತ್ವ ತೆಳುವಾಗುವುದಿಲ್ಲ, ಸಣ್ಣ ಹೊಟ್ಟೆಗೆ ಹೆಚ್ಚು ಇಳಿಯುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐನವರು ರಾಗಿ ಮಾಲ್ಟಿನ ಶಿಶು ಆಹಾರದ ಮೇಲೆ ಕೆಲಸ ಮಾಡಿದ್ದು ಇದರ ಮೇಲೆಯೇ. ಅವ್ವನಿಗೆ ಇದರಲ್ಲಿ ಅಚ್ಚರಿ ಏನೂ ಇರಲಿಲ್ಲ. ಅಚ್ಚರಿಯಿದ್ದದ್ದು ತಮ್ಮ ಹೇಳಿಕೊಟ್ಟ ಪರೀಕ್ಷೆಯಲ್ಲಿ. ಬಿಳಿ ಸಾಸರಿನ ಮೇಲೆ ಗಂಜಿಯ ಒಂದು ತೊಟ್ಟು, ಅದಕ್ಕೆ ಟಿಂಚರ್ ಅಯೋಡಿನ್ ಒಂದು ತೊಟ್ಟು. ಪಿಷ್ಟ ಇದ್ದರೆ ಕಡುನೀಲಿ. ಮೊದಲ ಹನಿ ಮಸಿಯಂತಾಯಿತು. ಇಪ್ಪತ್ತು ನಿಮಿಷಕ್ಕೆ ನೇರಳೆ. ಒಂದು ಗಂಟೆಗೆ ಕಂದುಬಣ್ಣದ ಅಯೋಡಿನ್ ಕಂದಾಗಿಯೇ ಉಳಿಯಿತು. ಅಲ್ಲಿ ಮ್ಯಾಂಚೆಸ್ಟರಿನ ಸಾಸರಿನಲ್ಲೂ ಹಾಗೇ. ಅವ್ವ ಎರಡೂ ಸಾಸರು ನೋಡಿ, ‘ಅವನ್ದೂ ಸರೀನೇ’ ಎಂದಳು.

ಪಂಚೆ ಬಟ್ಟೆಯಲ್ಲಿ ಸೋಸಿದೆವು. ರಾಗಿಗೆ ಬಾರ್ಲಿಯಂತೆ ಹಾಸಿಕೊಳ್ಳುವ ಹೊಟ್ಟಿಲ್ಲ, ಜಾಲರಿ ತಟ್ಟೆಯಿದ್ದರೂ ಪ್ರಯೋಜನವಿರಲಿಲ್ಲ. ಹಿಂಡಿ ಹಿಂಡಿ ಕೈ ಸೋತಿತು. ಬಂದ ನೀರು ಕೆಂಪು ಕಂದು, ಬೆಲ್ಲ ಹಾಕದ ಸಿಹಿ. ಮಕ್ಕಳು ತಲಾ ಎರಡು ಲೋಟ ಕುಡಿದರು. ಅಲ್ಲಿ ತಮ್ಮ ಹಾಪ್ಸ್ ಹೂವು ಹತ್ತು ಗ್ರಾಂ ಹಾಕಿ ಒಂದು ಗಂಟೆ ಕುದಿಸಿದ, ಕಹಿಗೆ ಮತ್ತು ಕೆಡದಿರುವುದಕ್ಕೆ. ‘ಅಷ್ಟು ಚೆಂದದ ಸಿಹಿಗೆ ಬೇವು ಹಾಕ್ದಂಗೆ’ ಎಂದು ಅವ್ವನ ಮುಖ ಕಿವುಚಿತು. ಸಿಂಕಿನ ತುಂಬ ಐಸ್ ಹಾಕಿ 20 ಡಿಗ್ರಿಗೆ ತಣಿಸಿದ. ಹೈಡ್ರೋಮೀಟರ್ 1.050 ತೋರಿಸಿತು. ಆಮೇಲೆ ಒಂದು ಸಣ್ಣ ಪೊಟ್ಟಣ ಕೈಗೆತ್ತಿಕೊಂಡ.

‘ಅದೇನಾ?’ ಎಂದಳು ಅವ್ವ.

‘ಹೂಂ ಅವ್ವ. ಯೀಸ್ಟ್.’

ಅವನು ಪೊಟ್ಟಣದ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಹರಿಯಲು ಹೋದ. ನಾನು ಜೋರಾಗಿ ‘ಕತ್ತರಿ ತಗೊಳ್ಳೋ, ಬಾಯಿ ಹಾಕಬೇಡ, ಕ್ರಿಮಿ ಸೇರುತ್ತೆ’ ಎಂದೆ. ಅದು ಸರಿಯಾದ ಮಾತೇ, ಅವನೂ ನರ್ಸ್, ನಾಲಿಗೆ ಕಚ್ಚಿಕೊಂಡು ಕತ್ತರಿ ತಂದ. ಅವ್ವ ನನ್ನ ಕಡೆ ಒಂದು ಸಲ ನೋಡಿ ಪಾತ್ರೆ ಉಜ್ಜಲು ಎದ್ದಳು.

ನಮ್ಮ ಭಾಷೆಯಲ್ಲಿ ಈಚಲಿನದಕ್ಕೆ, ತೆಂಗಿನದಕ್ಕೆ ಹೆಂಡ, ಕಳ್ಳು ಎಂಬ ಮಾತಿದೆ. ಇಳಿಸಿದ್ದಕ್ಕೆ ಸಾರಾಯಿ, ಭಟ್ಟಿ. 12ನೇ ಶತಮಾನದ ಶರಣರಲ್ಲಿ ಹೆಂಡ ಮಾರುವ ಕಾಯಕದ ಹೆಂಡದ ಮಾರಯ್ಯ ಇದ್ದಾನೆ. ರಾಜರತ್ನಂ ಕನ್ನಡಕ್ಕೆ ಕೊಟ್ಟ ರತ್ನನೂ ಯೆಂಡ್ಗುಡ್ಕನೇ. ಆದರೆ ಕಾಳು ಹುದುಗಿಸಿದ ಮದ್ಯಕ್ಕೆ ನಮ್ಮ ಮನೆಯಲ್ಲಿ, ಊರಲ್ಲಿ ನಾನು ಒಂದು ಮಾತನ್ನೂ ಕೇಳಿಲ್ಲ. ಬೀರು ಎಂದೇ ಅನ್ನಬೇಕು. ಅದು ಕಂಟೋನ್ಮೆಂಟಿನ ಸೋಲ್ಜರುಗಳ ಹಿಂದೆ ಬಂದ ಮಾತು. 1915ರಲ್ಲಿ ಥಾಮಸ್ ಲೀಶ್‌ಮನ್ ದಕ್ಷಿಣದ ಸಣ್ಣ ಬ್ರೂವರಿಗಳನ್ನು ಸೇರಿಸಿ ಕಟ್ಟಿದ ಯುನೈಟೆಡ್ ಬ್ರೂವರೀಸಿನ ಜೊತೆ ಬೆಳೆದ ಮಾತು. ಇದನ್ನು ನಮ್ಮ ಶೆಡ್ಡಿನ ರಾತ್ರಿ ಕಾವಲಿನವನಿಗೆ ಹೇಳಿದೆ. ಅವನು ಡಾರ್ಜಿಲಿಂಗ್ ಕಡೆಯವನು. ಅವನಿಗೆ ನಗು ತಡೆಯಲಾಗಲಿಲ್ಲ. ರಾಗಿಗೆ ಅವರು ಕೋದೋ ಎನ್ನುತ್ತಾರಂತೆ. ಬೇಯಿಸಿ, ಹುದುಗು ಬೆರೆಸಿ ಬಿಟ್ಟು, ಆಮೇಲೆ ಉದ್ದನೆಯ ಪಾತ್ರೆಗೆ ತುಂಬಿ, ಬಿಸಿನೀರು ಹೊಯ್ದು ಬಿದಿರಿನ ಕೊಳವೆಯಲ್ಲಿ ಹೀರುವುದು. ತೋಂಗ್ಬಾ. ‘ನೀವು ಇಷ್ಟು ಕೋದೋ ಇಟ್ಕೊಂಡು ಬರೀ ಮುದ್ದೆ ತಿಂತೀರಾ?’ ಎಂದು ಕೇಳಿದ. ಅವನ ಅಜ್ಜಿ ಮಾಡುತ್ತಿದ್ದಳಂತೆ, ಹಬ್ಬಕ್ಕೆ. ಒಂದೇ ಕಾಳು, ಅವನ ಅಜ್ಜಿಯ ಕೈಯಲ್ಲಿ ಹಬ್ಬ, ನನ್ನ ಅವ್ವನ ಕೈಯಲ್ಲಿ ಮಗುವಿನ ಊಟ.

ಸೋಸಿದ್ದರಲ್ಲಿ ಒಂದು ಚೊಂಬು ಅಡುಗೆಮನೆಯ ಮೂಲೆಯಲ್ಲಿ ಉಳಿದಿತ್ತು, ಬೆಳಿಗ್ಗೆ ಮಕ್ಕಳಿಗೆ ಎಂದು ಅವ್ವ ಎತ್ತಿಟ್ಟಿದ್ದು. ಸೋಮವಾರ ಮಕ್ಕಳಿಗೆ ಬೇಡವಾಯಿತು. ಮಂಗಳವಾರ ನಾನು ಕೆಲಸದಿಂದ ಬಂದಾಗ ಅವ್ವ ಆ ಚೊಂಬಿನ ಬಾಯಿಗೆ ಕಿವಿ ಕೊಟ್ಟು ಕೂತಿದ್ದಳು. ‘ಇದು ಉಸಿರಾಡ್ತೈತೆ’ ಎಂದಳು. ಬಗ್ಗಿ ಕೇಳಿದೆ. ಸಣ್ಣ ಸದ್ದು, ದೂರದಲ್ಲಿ ಮಳೆ ಹನಿಯುವಂಥದು. ಮೇಲೆ ತೆಳು ನೊರೆ. ಯಾರೂ ಪೊಟ್ಟಣ ಹರಿದಿರಲಿಲ್ಲ. ಯೀಸ್ಟು ಗಾಳಿಯಲ್ಲಿದೆ, ಹಣ್ಣಿನ ಸಿಪ್ಪೆಯ ಮೇಲಿದೆ, ನಮ್ಮ ಪಂಚೆ ಬಟ್ಟೆಯಲ್ಲಿದೆ. 1516ರಲ್ಲಿ ಬವೇರಿಯಾದವರು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಇಷ್ಟೇ ಇರಬೇಕೆಂದು ಕಟ್ಟಳೆ ಮಾಡಿದಾಗ ಅದರಲ್ಲಿ ಯೀಸ್ಟಿನ ಹೆಸರೇ ಇರಲಿಲ್ಲ, ಅಂಥದೊಂದು ಜೀವಿ ಇದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ನಾನು ಟಿ. ದಾಸರಹಳ್ಳಿಯಲ್ಲಿ ಎಳೆದುಕೊಂಡಿದ್ದ ಗೆರೆ ಅದಕ್ಕೂ ಗೊತ್ತಿರಲಿಲ್ಲ.

ಅವ್ವ ಚೊಂಬನ್ನು ಮೋರಿಗೆ ಸುರಿದು ಹುಣಸೆಹಣ್ಣು ಹಾಕಿ ಮೂರು ಸಲ ಉಜ್ಜಿದಳು. ‘ಎರಡ್ ದಿನ ಕಣ್ಣು ಬಿಟ್ರೆ ಸಾಕು’ ಎಂದಳು. ಅದು ಗಂಜಿಗೆ ಹೇಳಿದ್ದೋ ಬೇರೆ ಯಾರಿಗಾದರೂ ಹೇಳಿದ್ದೋ, ನಾನು ಕೇಳಲಿಲ್ಲ.

ಅಲ್ಲಿ ತಮ್ಮನ ಜಾಡಿಯ ಮುಚ್ಚಳದ ಕೊಳವೆಯಲ್ಲಿ ಗುಳುಕ್ ಗುಳುಕ್ ಎಂದು ಗುಳ್ಳೆ ಏಳುತ್ತಿತ್ತು. ಎರಡು ವಾರಕ್ಕೆ ನಿಂತಿತು. ಹೈಡ್ರೋಮೀಟರ್ 1.012ಕ್ಕೆ ಇಳಿದಿತ್ತು, ಅಂದರೆ ಶೇಕಡಾ ಐದರಷ್ಟು ಮದ್ಯ. ತಳದ ಮಡ್ಡಿ ಬಿಟ್ಟು, ಚೂರು ಸಕ್ಕರೆ ಸೇರಿಸಿ ಬಾಟಲಿಗೆ ತುಂಬಿದ. ಮತ್ತೆರಡು ವಾರ ಕಳೆದು ಮೊದಲನೆಯದನ್ನು ಫೋನಿನ ಮುಂದೆ ತೆರೆದ. ನೊರೆ ಬಂತು, ನಿಂತಿತು. ಬಣ್ಣ ನಮ್ಮ ರಾಗಿ ನೀರಿಗಿಂತ ತಿಳಿ. ಬಿಸ್ಕತ್ತಿನ ಪರಿಮಳ ಇದೆ, ಕೊನೆಗೆ ಕಹಿ, ಡಬ್ಬಿಯದಕ್ಕೂ ಇದಕ್ಕೂ ಅಜಗಜಾಂತರ ಎಂದ. ನನಗೆ ನಿಜವಾಗಿಯೂ ಖುಷಿಯಾಯಿತು. ಹಬ್ಬದ ಅಡುಗೆ ಮೊದಲ ಸಲ ತಾನೇ ಮಾಡಿದ ಹುಡುಗನ ಮುಖ ಅವನದು.

ಅವ್ವ ಕೇಳಿದ್ದು ಒಂದೇ. ‘ಒಟ್ಟು ಎಷ್ಟು ಬಾಟ್ಲಿ ಆಯ್ತು ಮಗ?’

‘ಒಂಬತ್ತು.’

ಅದು ಸಾರಾಯಿಯಲ್ಲ, ಇಳಿಸಿದ್ದಲ್ಲ, ಬರೀ ಹುದುಗಿದ್ದು ಎಂದು ನಾನು ವಿವರಿಸಲು ಹೋದೆ. ಅವ್ವ ಕೈ ಎತ್ತಿದಳು. ಅಂದಿನಿಂದ ಪ್ರತಿ ಭಾನುವಾರ, ಊಟ ಆಯ್ತಾ, ಚಳಿ ಹೆಂಗದೆ ಎಂದೆಲ್ಲ ಆದ ಮೇಲೆ ಒಂದು ಪ್ರಶ್ನೆ ಕೇಳುತ್ತಾಳೆ: ಇನ್ನೆಷ್ಟು ಉಳಿದವೆ? ಮೊದಲೆರಡು ವಾರ ತಮ್ಮ ನಕ್ಕ. ಮೂರನೆಯ ವಾರ ನಗಲಿಲ್ಲ. ಆಮೇಲೆ ಅವಳು ಕೇಳುವ ಮೊದಲೇ ಹೇಳತೊಡಗಿದ.

ಹೋದ ಭಾನುವಾರ ಆರು ಎಂದ. ಅವ್ವ ತೋರ್ಸು ಎಂದಳು. ಅವನು ಮಾತಾಡದೆ ಎದ್ದು ಹೋಗಿ ಮೆಟ್ಟಿಲ ಕೆಳಗಿನ ಕಪಾಟು ತೆರೆದು ಫೋನನ್ನು ಒಳಗೆ ಹಿಡಿದ. ಕತ್ತಲೆಯಲ್ಲಿ ಗಾಜು ಮಿನುಗಿತು. ಅವ್ವ ಕನ್ನಡಕ ಹಾಕಿಕೊಂಡು, ಪರದೆಗೆ ಹತ್ತಿರ ಬಾಗಿ, ಬೆರಳು ಮಡಚುತ್ತಾ ಹೋದಳು.

‘ಸರಿಯಾಗದೆ’ ಎಂದಳು. ಆಮೇಲೆ, ‘ನಿಂತ್ಕೊ, ಆ ಹಿಂದ್ಗಡೆ ಇರೋದೇನು?’

‘ಅದು ಉಪ್ಪಿನಕಾಯಿ ಅವ್ವ. ನೀನು ಕಳಿಸಿದ್ದು.’